ಬಲಗಡೆಯ ದೀಪ

ಮಾರುವುದಕ್ಕೋಸ್ಕರ ರಿಪೇರಿ ಮಾಡುವುದರಲ್ಲಿ ಒಂದು ಬಗೆಯ ಅವಮಾನವಿದೆ ಎಂದು ಮಾದಪ್ಪನಿಗೆ ಅನ್ನಿಸಿದ್ದು, ಮೆಟ್ಟಿಲ ಕೆಳಗಿನಿಂದ ಮೋಟಾರ್ ಸೈಕಲ್ಲನ್ನು ಹಿಮ್ಮುಖವಾಗಿ ಎಳೆದು ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿದಾಗ. ತನಗಾಗಿ ರಿಪೇರಿ ಮಾಡುವವನು ಬೈದುಕೊಂಡು ಮಾಡಬಹುದು, ಅರ್ಧಕ್ಕೆ ಬಿಟ್ಟು ಊಟಕ್ಕೆ ಏಳಬಹುದು. ಇದು ಹಾಗಲ್ಲ. ಮಳೆಗಾಲವಿಡೀ ನಿಂತಲ್ಲೇ ನಿಂತ ಗಾಡಿಯ ಸೀಟಿಗೆ ಬೂಷ್ಟು ಹಿಡಿದಿತ್ತು. ಹಳೇ ಬನಿಯನ್ನಿನಿಂದ ಒರೆಸಿದ. ಓಣಿಯ ಬಾಯಲ್ಲಿ ದುರ್ಗಾಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದವರು ಮೇಲಿನಿಂದ ಏನೋ ಕೂಗಿಕೊಂಡು ನಗುತ್ತಿದ್ದರು. ತನ್ನ ಬಗ್ಗೆಯೇ ಇರಬೇಕು ಎಂದುಕೊಂಡ, ಆಮೇಲೆ ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗಾಡಿ ಕೊಳ್ಳುವವನು ಮೂರನೆಯ ಮಹಡಿಯ ಬಾಡಿಗೆ ಹುಡುಗ ದೀಪಾಂಜನ್. ಕಲ್ಕತ್ತಾದ ಸೆಕ್ಟರ್ ಫೈವ್‌ನಲ್ಲಿ ಹೊಸದಾಗಿ ಎದ್ದ ಗಾಜಿನ ಕಟ್ಟಡವೊಂದರಲ್ಲಿ ಕೆಲಸ, ಕೊರಳಿಗೆ ಭಾನುವಾರವೂ ಬಿಚ್ಚದ ಗುರುತಿನ ಚೀಟಿ. ಅವನ ಮಾತುಕತೆಯೆಲ್ಲ ಮಾದಪ್ಪನ ಹೆಂಡತಿ ಇಂದಿರಾಳ ಜೊತೆ; ಅವಳು ಅವನಿಗೆ ಕಾಕಿಮಾ, ಚಿಕ್ಕಮ್ಮ. 'ಎಲ್ಲಾ ಚೆನ್ನಾಗಿದೆ ಕಾಕಿಮಾ, ಇಂಡಿಕೇಟರ್ ಒಂದು ಸರಿಯಾದರೆ ಭಾನುವಾರವೇ ಒಯ್ಯುತ್ತೇನೆ' ಎಂದು ಮೊನ್ನೆ ಅವನು ಹೇಳುವಾಗ ಗಾಡಿಯ ಯಜಮಾನ ಅಲ್ಲೇ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ. 'ಇಂಡಿಕೇಟರ್ ನಾನೇ ಮಾಡ್ತೀನಿ' ಎಂದ ಮಾದಪ್ಪ, ಪೇಪರಿನ ಹಿಂದಿನಿಂದಲೇ. ಇಂದಿರಾ ಮಗಳ ಮುಖ ನೋಡಿದಳು. ಆ ನೋಟ ಈ ಮನೆಗೆ ಬಂದದ್ದು ನರ್ಸಿಂಗ್ ಹೋಮಿನಿಂದ, ಔಷಧಿಗಳ ಜೊತೆಯಲ್ಲಿ.

ಕೀಲಿ ತಿರುಗಿಸಿ ಸ್ವಿಚ್ಚನ್ನು ಬಲಕ್ಕೆ ತಳ್ಳಿದ. ನಾಲ್ಕೂ ದೀಪಗಳು ಸಣ್ಣಗೆ ಹತ್ತಿ ಹಾಗೇ ನಿಂತವು, ಮಿನುಗಲಿಲ್ಲ. ಎಡಕ್ಕೆ ತಳ್ಳಿದರೂ ಅದೇ. ಕಾಯಿಲೆ ಗೊತ್ತಾಯಿತು ಅನ್ನಿಸಿ ಮನಸ್ಸು ಹಗುರವಾಯಿತು. ಒಂದು ಕಡೆಯ ದೀಪಕ್ಕೆ ಹೋದ ಕರೆಂಟು ವಾಪಸಾಗಲು ದಾರಿ ಸಿಗದೆ ಇನ್ನೊಂದು ಕಡೆಯ ದೀಪಗಳೊಳಗೆ ನುಗ್ಗುತ್ತಿದೆ; ಅರ್ಥಿಂಗ್ ಹೋಗಿದೆ, ಅಷ್ಟೆ. ಹಿಂದಿನ ಮಡ್‌ಗಾರ್ಡಿನ ಬೋಲ್ಟು ಬಿಚ್ಚಿ, ತುಕ್ಕನ್ನು ಉಪ್ಪುಕಾಗದದಿಂದ ಕೆರೆದು, ಲೋಹ ಹೊಳೆಯುವವರೆಗೆ ಉಜ್ಜಿದ. ರೈಲ್ವೆಯ ಸಿಗ್ನಲ್ ವಿಭಾಗಕ್ಕೆ ಸೇರಿದ ಹೊಸತರಲ್ಲಿ ತರಬೇತಿ ಕೊಟ್ಟವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ದೀಪ ಹತ್ತದಿದ್ದರೆ ಗಾಡಿ ನಿಲ್ಲುತ್ತದೆ, ತಪ್ಪು ದೀಪ ಹತ್ತಿದರೆ ಜನ ಸಾಯುತ್ತಾರೆ. ಆ ಮಾತಿನ ಭಯದಲ್ಲೇ ಇಷ್ಟು ವರ್ಷ ಹಳಿಗಳ ಪಕ್ಕ ನಡೆದಿದ್ದ, ಮೈಸೂರಿನಿಂದ ಹುಬ್ಬಳ್ಳಿಗೆ, ಅಲ್ಲಿಂದ ಇಲ್ಲಿಗೆ. ಈಗ ನಡೆಯುವುದಿಲ್ಲ. ಕಚೇರಿಯಲ್ಲಿ ಕಿಟಕಿ ಪಕ್ಕ ಒಂದು ಮೇಜು ಕೊಟ್ಟಿದ್ದಾರೆ, 'ಮಾದಪ್ಪಬಾಬು ಆರಾಮಾಗಿರಲಿ' ಎಂದು. ಆರಾಮು ಎನ್ನುವ ಪದವನ್ನು ಅವರು ಹೇಳುವ ರೀತಿಗೆ ಕೆನ್ನೆಗೆ ಬಾರಿಸೋಣ ಎನ್ನಿಸುತ್ತದೆ. ಸೀಟು ಎತ್ತಿ ನೋಡಿದರೆ ಒಳಗೆ ಇಲಿ ಸಂಸಾರ ಮಾಡಿಹೋಗಿತ್ತು. ಹಿಂದಿನ ದೀಪಗಳಿಗೆ ಹೋಗುವ ಎರಡು ತಂತಿಗಳ ಮೈಯನ್ನು ತಾಮ್ರ ಕಾಣುವಂತೆ ಕಡಿದಿತ್ತು. ಹೊಸದು ಎಳೆಯಲೇಬೇಕು. ಮನೆಯಲ್ಲಿದ್ದದ್ದು ಕೆಂಪು ತಂತಿಯ ಒಂದು ಸುರುಳಿ ಮಾತ್ರ. ಎರಡಕ್ಕೂ ಕೆಂಪನ್ನೇ ಎಳೆದ.

ಎರಡು ಕೆಂಪು ತಂತಿಗಳು ಹಿಂದಿನಿಂದ ಹೊರಟು, ಟ್ಯಾಂಕಿನ ಅಡಿಯಲ್ಲಿ ತೂರಿ, ಮುಂದಿನ ಹೆಡ್‌ಲೈಟಿನ ಬಟ್ಟಲಿನಲ್ಲಿ ತಲೆ ಎತ್ತಿದಾಗ ಯಾವುದು ಯಾವುದೆಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ಮಹಡಿಯ ಕಡೆ ನೋಡಿ 'ಅಕ್ಷರಾ' ಎಂದು ಕೂಗಿದ. ಮಗಳು ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದಳು. ಅಷ್ಟು ಬೇಗ ಬಂದದ್ದು ನೋಡಿದರೆ ಬಾಲ್ಕನಿಯಲ್ಲಿ ಕಾವಲು ಕೂತಿದ್ದಿರಬೇಕು. ಇಲ್ಲೇ ಹುಟ್ಟಿ ಇಲ್ಲೇ ಎಂ.ಎಸ್ಸಿ. ಮುಗಿಸುತ್ತಿರುವ ಹುಡುಗಿ. ಅಪ್ಪ ಅಮ್ಮ ಆಡಿದ ಕನ್ನಡವೆಲ್ಲ ಅರ್ಥವಾಗುತ್ತದೆ, ತಾನು ಆಡುವಾಗ ಮೂರು ಭಾಷೆ ಬೇಕಾಗುತ್ತದೆ, ಬರೆಯಲು ಒಂದಕ್ಷರ ಬಾರದು. ಅಕ್ಷರಾ ಎಂದು ಹೆಸರಿಟ್ಟು ಅಕ್ಷರ ಕಲಿಸದೇಹೋದೆ ಎಂದು ಊರಿಗೆ ಹೋದಾಗಲೆಲ್ಲ ಮಾದಪ್ಪನನ್ನು ಅವನ ಅಣ್ಣ ಹಂಗಿಸುತ್ತಿದ್ದ. 'ನಾನು ಹಿಂದಿನಿಂದ ಒಂದನ್ನ ಎಳೀತೀನಿ ಕಣಮ್ಮ. ನಿನ್ನ ಕೈಯಲ್ಲಿ ಯಾವುದು ಅಲ್ಲಾಡುತ್ತೋ ಅದಕ್ಕೆ ಚೀಟಿ ಅಂಟಿಸು' ಎಂದು ಹೇಳಿ ಮಾದಪ್ಪ ಹಿಂದಕ್ಕೆ ಹೋಗಿ ಕುಕ್ಕುರುಗಾಲಲ್ಲಿ ಕೂತ. ಎಡಗಡೆಯ ತಂತಿ ಜಾರಿಹೋಗದಿರಲೆಂದು ಹಲ್ಲಿನಲ್ಲಿ ಕಚ್ಚಿಕೊಂಡು ಬಲಗಡೆಯದನ್ನು ಎಳೆದ. 'ಬ' ಎಂದ ಹಲ್ಲಿನ ಸಂದಿಯಿಂದ. 'ಏನು?' ಎಂದಳು. ಮತ್ತೆ ಎಳೆದು 'ಬಾ, ಬಾ' ಎಂದ. 'ಹ್ಞಾಂ, ಸಿಕ್ತು' ಎಂದಳು. ಅಷ್ಟರಲ್ಲಿ ಮುಗಿಯಿತು. ಇಬ್ಬರೂ ಸೇರಿ ಒಂದು ಕೆಲಸ ಮಾಡಿ ಎಷ್ಟು ಕಾಲವಾಗಿತ್ತೆಂದು ನೆನಪಾಗದೆ, ಅವಳ ಟವೆಲಿನಿಂದ ಒಂದು ಹನಿ ಟ್ಯಾಂಕಿನ ಮೇಲೆ ಬಿದ್ದದ್ದನ್ನು ನೋಡುತ್ತ ಅವನಿಗೆ ಸುಮ್ಮನೆ ಸಂತೋಷವಾಯಿತು. ಅವಳು ಅಂಟಿಸಿದ ಚೀಟಿಗಳಲ್ಲಿ ಎಲ್ ಮತ್ತು ಆರ್ ಎಂದಿತ್ತು. ಎಲ್ ಅನ್ನು ಮುಂದಿನ ಎಡಗಡೆಯ ತಂತಿಗೆ, ಆರ್ ಅನ್ನು ಬಲಗಡೆಯದಕ್ಕೆ ಸೇರಿಸಿ ಟೇಪು ಸುತ್ತಿದ.

ದೀಪಾಂಜನ್ ಕೆಳಗಿಳಿದು ಬಂದಾಗ ಇಂದಿರಾ ಕೂಡ ಬಂದಳು. ನೆಲ ಮಹಡಿಯ ಮುದುಕರಿಬ್ಬರು ಬಾಗಿಲಿಗೆ ಬಂದು ನಿಂತರು. ಹುಡುಗ ಗಾಡಿಯ ಮೇಲೆ ಕೂತು ಸ್ವಿಚ್ಚನ್ನು ಬಲಕ್ಕೆ ತಳ್ಳಿದ. ಮುಂದೆ ಬಲಗಡೆಯ ದೀಪ ಟಿಕ್ ಟಿಕ್ ಎಂದು ಚೊಕ್ಕವಾಗಿ ಮಿನುಗಿತು. ಮುಂದೆ ನಿಂತ ಮಾದಪ್ಪ ಕೈ ಒರೆಸಿಕೊಳ್ಳುತ್ತ 'ನೋಡು' ಎನ್ನುವಂತೆ ಹೆಂಡತಿಯ ಕಡೆ ತಲೆಯಾಡಿಸಿದ. ಅವಳು ನಿಂತದ್ದು ಗಾಡಿಯ ಹಿಂದೆ. ಅವಳ ಮುಖ ಸಣ್ಣದಾಯಿತು. 'ರೀ' ಎಂದಳು ಮೆಲ್ಲಗೆ, 'ಇಲ್ಲಿ ಎಡಗಡೇದು ಹತ್ತುತಾ ಇದೆ.' ಮಾದಪ್ಪ ಹಿಂದಕ್ಕೆ ಹೋಗಿ ನೋಡಿದ. ಹೌದು. ಮುಂದಿನದು ಬಲಕ್ಕೆ ಹೋಗುತ್ತೇನೆ ಎನ್ನುತ್ತಿತ್ತು, ಹಿಂದಿನದು ಎಡಕ್ಕೆ. ಮುದುಕರಲ್ಲಿ ಒಬ್ಬರು ನಕ್ಕು, ತಕ್ಷಣ ಕೆಮ್ಮಿದಂತೆ ಮಾಡಿದರು. ನಗುವುದಾದರೆ ಪೂರಾ ನಗಬಾರದಿತ್ತೇ? ಬೇರೆ ಯಾರಾದರೂ ಮಾಡಿದ್ದರೆ ಇಡೀ ಅಂಗಳ ಬಿದ್ದು ಬಿದ್ದು ನಗುತ್ತಿತ್ತು. ಅವನು ಮಾಡಿದ್ದಕ್ಕೆ ಯಾರೂ ನಗುವುದಿಲ್ಲ. 'ಥಾಕ್ ಕಾಕು, ಥಾಕ್' ಎಂದ ದೀಪಾಂಜನ್, ಬಿಡಿ ಬಿಡಿ ಎಂದು, ಗಾಡಿಯಿಂದ ಇಳಿಯುತ್ತ. ಒಳ್ಳೆಯ ಹುಡುಗ, ಅದೇ ತೊಂದರೆ. 'ಮೆಟ್ರೋ ಎದುರಿಗೆ ನಮ್ಮ ಮೆಕ್ಯಾನಿಕ್ ಇದ್ದಾನೆ, ಎರಡು ನಿಮಿಷದ ಕೆಲಸ. ನಾನು ಮುಂದೆ ಹೋಗಿ ಅವನನ್ನ ಹಿಡಿದಿಟ್ಟು ಅಲ್ಲೇ ಚಾ ಕುಡೀತಾ ಇರ್ತೀನಿ. ಯಾರ ಕೈಯಲ್ಲಾದರೂ ತಳ್ಳಿಸಿ ಕಳಿಸಿಬಿಡಿ ಕಾಕಿಮಾ.' ಮತ್ತೆ ಕಾಕಿಮಾ. ಅವನು ಹೋದ. ಇಂದಿರಾ ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸಲು ಬಂದಳು, ಎಲ್ಲರೆದುರಿಗೆ. 'ಬಿಸಿಲಲ್ಲಿ ಕೂತು ಆಯಾಸ ಆಗಿದೆ ನಿಮಗೆ. ಮೇಲೆ ಬನ್ನಿ, ಮಲ್ಕೊಳ್ಳಿ' ಎಂದಳು. ಅವನು ಮುಖ ಆ ಕಡೆಗೆ ತಿರುಗಿಸಿದ. ಅವಳು ಒಬ್ಬಳೇ ಮೆಟ್ಟಿಲು ಹತ್ತಿದಳು.

ಅಂಗಳ ಖಾಲಿಯಾದ ಮೇಲೆ ಮಾದಪ್ಪ ಗಾಡಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟ. ಹಾಗಾದರೆ ನಿಜ, ಎಂದುಕೊಂಡ. ಇಷ್ಟು ದಿನ ಅವರೆಲ್ಲ ಹೇಳದೆ ಹೇಳುತ್ತಿದ್ದದ್ದು ನಿಜ. ಬೇಸಿಗೆಯಲ್ಲಿ ಬಾಲಿಗಂಜಿನ ಪ್ಲಾಟ್‌ಫಾರ್ಮಿನಲ್ಲಿ ತಲೆ ಸುತ್ತಿ ಬಿದ್ದವನನ್ನು ನರ್ಸಿಂಗ್ ಹೋಮಿಗೆ ಸಾಗಿಸಿದ್ದರು. ಕಣ್ಣು ಬಿಟ್ಟಾಗ ಮೇಲೆ ಫ್ಯಾನು, ಫ್ಯಾನಿನ ಕೆಳಗೆ ಡಾಕ್ಟರ ಕನ್ನಡಕ. ಕನ್ನಡಕ ಅವಸರದಲ್ಲಿತ್ತು. ಕೈ ಎತ್ತಿ ಎಂದಿತು, ಅವನು ಎತ್ತಿದ. ಅದಲ್ಲ ಎಂದಿತು. ಮತ್ತೆ ಅದನ್ನೇ ಎತ್ತಿದ. ಕನ್ನಡಕ ಇಂದಿರಾಳನ್ನು ಹೊರಗೆ ಕರೆದುಕೊಂಡು ಹೋಯಿತು. ಒಳಗೆ ಬಂದಾಗ ಅವಳ ಕಣ್ಣು ಕೆಂಪಗಿತ್ತು. ಎಡ ಯಾವುದು ಬಲ ಯಾವುದು ಎನ್ನುವುದು ಇವರಿಗೆ ಗೊತ್ತಾಗುತ್ತಿಲ್ಲವಂತೆ, ಮೆದುಳಿನಲ್ಲಿ ಎಲ್ಲೋ ಸಣ್ಣದಾಗಿ ಏನೋ ಆಗಿರಬಹುದಂತೆ, ಗಾಡಿ ಓಡಿಸುವುದು ಬೇಡವಂತೆ. ಯಾಕೆ ತಪ್ಪು ಕೈ ಎತ್ತಿದೆ ಎಂದು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಾನೆ, ಉತ್ತರ ಸಿಕ್ಕಿಲ್ಲ. ಅಂದಿನಿಂದ ಸಾರಿಗೆ ಉಪ್ಪು ಹಾಕಿದೆಯಾ ಎಂದು ಎರಡು ಸಲ ಕೇಳಿದರೆ ಅಡುಗೆಮನೆಯಲ್ಲಿ ಸೌಟು ನಿಲ್ಲುತ್ತದೆ. ಅಂಗಿಯ ಗುಂಡಿ ಮೇಲೆ ಕೆಳಗಾದರೆ ಮಗಳು ಬಂದು ಸರಿಮಾಡುತ್ತಾಳೆ, ಏನೂ ಆಗದವಳಂತೆ. ಗರಿಯಾಹಾಟಿನ ಪೇಟೆಯಲ್ಲಿ ಇಂದಿರಾಳ ಕೈ ಬಿಟ್ಟು ಬೇರೆ ಅಂಗಡಿಯ ಮುಂದೆ ನಿಂತುಕೊಂಡದ್ದಕ್ಕೆ ಅವಳು ಫುಟ್‌ಪಾತಿನಲ್ಲೇ ಅತ್ತಿದ್ದಳು. ಅವನು ಮೊದಲೂ ಹಾಗೇ ಇದ್ದ! ಮದುವೆಯಾದ ಹೊಸತರಲ್ಲಿ ಅವಳ ತಂಗಿಯ ಹೆಸರು ಹಿಡಿದು ಅವಳನ್ನು ಕರೆದಿದ್ದ, ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಮರೆತು ಬಂದಿದ್ದ. ಆಗ ಅವು ತಪ್ಪುಗಳಾಗಿದ್ದವು. ಈಗ ತಪ್ಪು ಮಾಡುವ ಹಕ್ಕೇ ಹೋಗಿದೆ, ಮಾಡಿದ್ದೆಲ್ಲ ಕಾಯಿಲೆ. ಆದರೆ ಈ ತಂತಿ? ಇಷ್ಟು ವರ್ಷ ಸಿಗ್ನಲ್ಲುಗಳಲ್ಲೇ ಬದುಕಿದವನು ಎರಡೇ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದಾನೆ. ಅವರ ಹತ್ತಿರ ಬಚ್ಚಿಡಬಹುದು, ತನ್ನ ಹತ್ತಿರ ಹೇಗೆ? ನನ್ನ ತಲೆ ಹೋಗಿದೆ ಎಂದು ಬಾಯಿಬಿಟ್ಟು ಹೇಳಿಕೊಂಡ, ಕನ್ನಡದಲ್ಲಿ. ಅಂಗಳದ ಬೆಕ್ಕು ತಿರುಗಿ ನೋಡಿತು.

ಹೋದ ತಲೆಯಾದರೂ ಸರಿ, ತಪ್ಪು ದೀಪ ಹತ್ತುವ ಗಾಡಿಯನ್ನು ಅವನು ಯಾರ ಕೈಗೂ ಕೊಡುವವನಲ್ಲ. ತಳ್ಳಿಸಿ ಕಳಿಸುವುದಂತೆ! ಎದ್ದು ಹೆಡ್‌ಲೈಟಿನ ಸ್ಕ್ರೂ ಬಿಚ್ಚಿ ಟೇಪು ಹರಿದ. ಈ ಸಲ ಯಾರ ಸಹಾಯವೂ ಬೇಡ. ಬ್ಯಾಟರಿಯಿಂದ ಒಂದು ಎಳೆ ತಂದು ಒಂದೊಂದೇ ತಂತಿಗೆ ಮುಟ್ಟಿಸುತ್ತ, ಹಿಂದಿನ ಯಾವ ದೀಪ ಹತ್ತುತ್ತದೆಂದು ಗಾಡಿಯ ಪಕ್ಕಕ್ಕೆ ಬಾಗಿ ಬಾಗಿ ನೋಡಿದ. ಮುಟ್ಟಿಸಿದ; ಬಲಗಡೆಯದು ಹತ್ತಿತು. ಕೈಯಲ್ಲಿದ್ದ ತಂತಿಯ ಚೀಟಿ ನೋಡಿದ. ಎಲ್. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಎಲ್ಲೇ. ಎಲ್ ಅನ್ನು ಎಡಕ್ಕೆ ಸೇರಿಸಿದ್ದೆ, ಸರಿಯಾಗಿಯೇ ಸೇರಿಸಿದ್ದೆ. ಹಾಗಾದರೆ ಎಳೆಯುವಾಗ ಬಾಯಲ್ಲಿ ಎಡ ಎಂದೆನೇ? ಹಲ್ಲಿನಲ್ಲಿ ಕಚ್ಚಿದ್ದು ಯಾವುದು? ತುಟಿಯ ಎಡಮೂಲೆಯಲ್ಲಿ ಪ್ಲಾಸ್ಟಿಕ್ಕಿನ ರುಚಿ ಇನ್ನೂ ಇತ್ತು. ಅಕ್ಷರಾ ಮೆಟ್ಟಿಲ ಮೇಲೆ ಬಂದು ಕೂತಿದ್ದಳು, ಯಾವಾಗ ಬಂದಳೋ.

'ನಾನು ಎಳೆದಾಗ ನಿನಗೆ ಏನು ಹೇಳ್ದೆ?' ಎಂದು ಕೇಳಿದ.

'ಹೋಗ್ಲಿ ಬಿಡಿ ಅಪ್ಪಾ. ಇಟ್ಸ್ ಓಕೆ.'

'ಓಕೆನೋ ಅಲ್ವೋ ಆಮೇಲೆ. ಏನು ಹೇಳ್ದೆ ಅಂತ ಕೇಳ್ತಿದೀನಿ.'

'ಲೆಫ್ಟ್ ಅಂದ್ರಿ.' ಅವಳು ಕಾಲ ಬೆರಳು ನೋಡಿಕೊಂಡಳು. 'ನಾನು ಅಮ್ಮಂಗೆ ಹೇಳಿಲ್ಲ.'

'ಲೆಫ್ಟ್ ಅನ್ನೋ ಮಾತೇ ನನ್ನ ಬಾಯಲ್ಲಿ ಬರಲಿಲ್ಲ.'

'ಲೆಫ್ಟ್ ಅಂತ ಅಲ್ಲ ತೋ, ಬಾಂ ಅಂದ್ರಿ. ಎರಡು ಸಲ. ಬಾಂ, ಬಾಂ. ಸೋ ಐ ರೋಟ್ ಎಲ್.'

ಮಾದಪ್ಪ ಗಾಡಿಯ ಹ್ಯಾಂಡಲ್ ಹಿಡಿದುಕೊಂಡ. ಬಾಂ. ಬಂಗಾಳಿಯಲ್ಲಿ ಎಡ. ಬಸ್ಸಿನ ಕಂಡಕ್ಟರುಗಳು ಬಾಗಿಲಿಗೆ ಜೋತುಬಿದ್ದು, ತಗಡಿಗೆ ಬಡಿಯುತ್ತ ದಿನವಿಡೀ ಕೂಗುವ ಪದ, ಬಾಂಯೇ, ಬಾಂಯೇ. ಈ ಹುಡುಗಿ ತೊಟ್ಟಿಲಿನಿಂದ ಕೇಳಿಕೊಂಡು ಬೆಳೆದದ್ದು ಅದನ್ನೇ. 'ಬಾಂ ಅಲ್ಲ ಕಣೇ' ಎಂದ. 'ಬ. ಬಲದ ಬ. ಬಾಯಲ್ಲಿ ತಂತಿ ಇತ್ತು, ಪೂರ್ತಿ ಹೇಳಕ್ಕಾಗಲಿಲ್ಲ.'

ಅಕ್ಷರಾ ಬಾಯಿಗೆ ಕೈ ಇಟ್ಟುಕೊಂಡಳು. 'ಓ ಮಾ' ಎಂದಳು. ನಗುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ. 'ಮತ್ತೆ ಶುರುವಾಯ್ತು ಅಂದ್ಕೊಂಡೆ ಅಪ್ಪಾ. ನೀವು ಮತ್ತೆ... ಅದಕ್ಕೇ ಸುಮ್ನಿದ್ದೆ.'

ಮತ್ತೆ ಎನ್ನುವ ಆ ಪದ ಚುಚ್ಚಿತು. ಆದರೆ ಅದರ ಹಿಂದೆಯೇ ಇನ್ನೊಂದು ಬಂದು ನಿಂತಿತು. ಫ್ಯಾನು, ಕನ್ನಡಕ, ಅವಸರ. ಬಾಂ ಹಾತ್ ತುಲುನ್ ತೋ, ಎಡಗೈ ಎತ್ತಿ ನೋಡೋಣ. ಬಾಂ ಹಾತ್. ಕತ್ತಲೆಯಿಂದ ಮೇಲಕ್ಕೆ ಬರುತ್ತಿದ್ದವನ ಕಿವಿಗೆ ಮೊದಲು ಬಿದ್ದದ್ದು ಒಂದು ಬ. ತಲೆ ಆಗ ಇನ್ನೂ ಕಲ್ಕತ್ತಾಕ್ಕೆ ಬಂದಿರಲಿಲ್ಲ. ಎಲ್ಲೋ ಚಾಮರಾಜನಗರದ ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತು ಎಡ, ಬಲ, ಎಡ, ಬಲ ಎಂದು ಕಾಲು ಹಾಕುತ್ತಿತ್ತು. ಬ ಎಂದರು, ಬಲಗೈ ಎತ್ತಿದ. ಎಷ್ಟು ಸಲ ಕೇಳಿದ್ದರೂ ಅದನ್ನೇ ಎತ್ತುತ್ತಿದ್ದ, ಎತ್ತಲೇಬೇಕಿತ್ತು, ಅದೇ ಸರಿಯಾದ ಕೈ. ಇದಕ್ಕಾಗಿ ಮೇಜು, ಇದಕ್ಕಾಗಿ ಮಾತ್ರೆ, ಇದಕ್ಕಾಗಿ ಇಂದಿರಾ ಫುಟ್‌ಪಾತಿನಲ್ಲಿ ಅತ್ತಿದ್ದು. ಅವನಿಗೆ ಕೂಗಬೇಕೆನ್ನಿಸಿತು. ಆಮೇಲೆ ಅನುಮಾನವೂ ಬಂತು. ಇದು ನಿಜವೇ, ಅಥವಾ ಹೋದ ತಲೆ ತನಗೆ ಬೇಕಾದಂತೆ ನೇಯ್ದುಕೊಂಡ ಕಥೆಯೇ? ಇರಬಹುದು. ಒಳಗೆ ಎಲ್ಲೋ ಸಣ್ಣದಾಗಿ ಏನೋ ಆಗಿಯೂ ಇರಬಹುದು. ಸ್ವಲ್ಪ ಹೊತ್ತು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅದಕ್ಕಿಂತ ಹೆಚ್ಚು ಮೈ ಉರಿಸಿದ್ದು ಬೇರೆ. ಈ ಚೀಟಿ ನೋಡುವ ಮೊದಲು, ನೆಲದ ಮೇಲೆ ಕೂತು, ಯಾರೂ ಒತ್ತಾಯ ಮಾಡದೆ, ನನ್ನ ತಲೆ ಹೋಗಿದೆ ಎಂದು ತಾನೇ ಒಪ್ಪಿಕೊಂಡಿದ್ದನಲ್ಲ! ಅವರು ಹೇಳಿದ್ದನ್ನಾದರೂ ಕ್ಷಮಿಸಬಹುದು. ತಂತಿಗಳನ್ನು ಬದಲಿಸಿ ಜೋಡಿಸಿ, ಟೇಪು ಬಿಗಿದು, ಸ್ಕ್ರೂ ತಿರುಗಿಸಿದ.

ಅಕ್ಷರಾ ಮೇಲೆ ಓಡಿಹೋಗಿ ಅಮ್ಮನನ್ನು ಎಳೆದುಕೊಂಡು ಬಂದಳು. ಮೆಟ್ಟಿಲ ಮೇಲೆಯೇ ಎಲ್ಲವನ್ನೂ ಬಡಬಡಿಸಿ ಮುಗಿಸಿದ್ದಳು; ಬ, ಬಾಂ, ನನ್ನದೇ ಮಿಸ್ಟೇಕು. ಇಂದಿರಾ ಸ್ವಿಚ್ಚು ತಾನೇ ಒತ್ತಿ, ಹಿಂದಕ್ಕೆ ಮುಂದಕ್ಕೆ ಓಡಾಡಿ ನೋಡಿದಳು. ಬಲಕ್ಕೆ ಎರಡೂ ಬಲ, ಎಡಕ್ಕೆ ಎರಡೂ ಎಡ. ಮಾದಪ್ಪ ನರ್ಸಿಂಗ್ ಹೋಮಿನ ವಿಷಯ ಹೇಳಿದ. ಅವಳು ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಆಮೇಲೆ, 'ಹಾಗಿದ್ರೆ ಡಾಕ್ಟ್ರ ಹತ್ರ ಹೋಗೋಣ ರೀ. ಹೀಗ್ಹೀಗಾಯ್ತು ಅಂತ ಹೇಳೋಣ. ಇನ್ನೊಂದ್ಸಲ ನೋಡಿ, ಎಲ್ಲಾ ಸರಿ ಇದೆ ಅಂತ ಅವರೇ ಹೇಳ್ಬಿಡ್ಲಿ' ಎಂದಳು. ಅವಳ ಕಣ್ಣಲ್ಲಿ ಆಸೆ ಇತ್ತು. ಅದನ್ನು ನೋಡಿ ಒಂದು ಕ್ಷಣ ಹೂಂ ಎಂದುಬಿಡೋಣ ಅನ್ನಿಸಿತು.

'ಬರಲ್ಲ' ಎಂದ.

'ಯಾಕ್ರೀ? ನಿಮಗೇ ಒಳ್ಳೇದಲ್ವಾ?'

'ನನ್ನ ಕೈ ಯಾವುದು ಅಂತ ಇನ್ನೊಬ್ಬನ ಹತ್ರ ಕೇಳ್ಕೊಂಡು ಬರೋಕೆ ನಾನು ಹೋಗಲ್ಲ ಇಂದಿರಾ. ಅವನು ಹೌದು ಅಂದ್ರೆ ನಾನು ಸರಿ, ಅಲ್ಲ ಅಂದ್ರೆ ನಾನು ಹೋದೋನು. ಅಷ್ಟೇನಾ ನಾನು?'

'ಮತ್ತೆ ನಾವು ಹೇಗ್ರೀ ತಿಳ್ಕೊಳ್ಳೋದು?' ಎಂದಳು. ಅದು ಜಗಳದ ಮಾತಾಗಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಅಷ್ಟರಲ್ಲಿ ಅಕ್ಷರಾಳ ಮೊಬೈಲು ಯಾವುದೋ ಹಿಂದಿ ರಾಗ ಹಾಡಿತು. ದೀಪಾಂಜನ್ ಮೆಕ್ಯಾನಿಕ್ಕನ ಹತ್ತಿರ ಕಾಯುತ್ತಿದ್ದಾನೆ. 'ಕಳಿಸ್ತೀವಿ ಅನ್ನು' ಎಂದಳು ಇಂದಿರಾ. 'ಪಾಪ, ಅವನಿಗೆ ಮಾತು ಕೊಟ್ಟಾಗಿದೆ.'

'ಮಾತು ಕೊಟ್ಟೋಳು ನೀನು' ಎಂದು ಮಾದಪ್ಪ ಗಾಡಿಯ ಮೇಲೆ ಕೂತ. 'ಆದ್ರೆ ತಳ್ಳಿಸಿ ಕಳ್ಸಲ್ಲ. ಓಡಿಸ್ಕೊಂಡೇ ಹೋಗ್ತೀನಿ.' ಕಿಕ್ ಹೊಡೆದ. ಹಟಮಾರಿ ಗಾಡಿ ಎರಡು ಸಲ ಕೆಮ್ಮಿ ಹೊಗೆ ಕಾರಿತು, ಆಮೇಲೆ ಹೊತ್ತಿಕೊಂಡಿತು. ಅಂಗಳವೆಲ್ಲ ಸದ್ದು. ಬೇಡ ರೀ ಎಂದು ಇಂದಿರಾ ಹ್ಯಾಂಡಲ್ ಹಿಡಿಯುತ್ತಾಳೆಂದು ಕಾದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಭುಜದ ಮೇಲೆ ಕೈ ಊರಿ, ಹಿಂದೆ ಹತ್ತಿ ಕೂತಳು. 'ಬಿದ್ರೆ ಇಬ್ರೂ ಬೀಳೋಣ. ಒಬ್ರನ್ನೇ ಕಳ್ಸಿ ಬಾಲ್ಕನೀಲಿ ನಿಂತ್ಕೊಳ್ಳೋದು ನನ್ನ ಕೈಲಾಗಲ್ಲ' ಎಂದಳು. ಭುಜದ ಮೇಲೆ ಅವಳ ಹಿಡಿತ ಬಿಗಿಯಾಗಿತ್ತು, ನೋಯುವಷ್ಟು.

ಪೆಂಡಾಲಿನ ಬಿದಿರುಗಳ ನಡುವೆ ನಿಧಾನವಾಗಿ ನುಸುಳಿ ಓಣಿಯ ತುದಿಗೆ ಬಂದರು. ಬಲಕ್ಕೆ ಹೋದರೆ ಮೆಟ್ರೋ ನಿಲ್ದಾಣ, ಅದರೆದುರು ದೀಪಾಂಜನ್, ಚಾ, ಮೆಕ್ಯಾನಿಕ್. ಎಡಕ್ಕೆ ಹೋದರೆ ರಸ್ತೆ ಗರಿಯಾ ದಾಟಿ, ಹೊಸ ಫ್ಲ್ಯಾಟುಗಳ ಜಾಹೀರಾತು ಹಲಗೆಗಳು ಮುಗಿದು, ಕೆರೆಗಳ ಕಡೆ ಹೋಗುತ್ತದೆ. ಅಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ. ಬಸ್ಸುಗಳು, ಆಟೋಗಳು, ಕಂಪನಿಯ ಬಿಳಿ ಸುಮೋ ಒಂದು ಅರಚುತ್ತ ಹೋದವು. ಮಾದಪ್ಪ ಒಂದು ಕಾಲನ್ನು ನೆಲಕ್ಕೆ ಊರಿ, ಹೆಬ್ಬೆರಳಿನಿಂದ ಸ್ವಿಚ್ಚನ್ನು ತಳ್ಳಿದ. ಮುಂದೆ ದೀಪ ಮಿನುಗತೊಡಗಿತು. ಇಂದಿರಾ ತಿರುಗಿ ಹಿಂದಿನದನ್ನೂ ನೋಡಿದಳು. ಅವಳ ಬೆರಳುಗಳು ಭುಜಕ್ಕೆ ಇನ್ನಷ್ಟು ಒತ್ತಿದವು.

'ರೀ, ಎಡಗಡೇದು ಹಾಕಿದೀರಿ' ಎಂದಳು ಕಿವಿಯ ಹತ್ತಿರ ಬಾಗಿ. 'ಮೆಟ್ರೋ ಬಲಗಡೆ ಅಲ್ವಾ? ನಾವು ಬಲಕ್ಕೆ ಹೋಗ್ಬೇಕು ರೀ.'

'ಗೊತ್ತು' ಎಂದು ಮಾದಪ್ಪ ಎಡಕ್ಕೆ ತಿರುಗಿಸಿದ.